ಕತ್ತಿ ಬೀಸಿದರೂ ತಾಗುವುದಿಲ್ಲ ಏಕೆ? ‘ಎಲ್ಡರ್ ಸ್ಕ್ರೋಲ್ಸ್’ ಓದುಗರ ಪ್ರಶ್ನೋತ್ತರ

‘ಎಲ್ಡರ್ ಸ್ಕ್ರೋಲ್ಸ್’ ಎಂಬ ಕಂಪ್ಯೂಟರ್ ಆಟಗಳ ಸರಣಿಯಲ್ಲಿ ಯಾವ ಆಟ ಯಾರಿಗೆ ಹಿಡಿಸೀತು, ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು ಬರೆದು ಕಳುಹಿಸಿ ಎಂದಿದ್ದೆವು. ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಪತ್ರಗಳು ಬಂದಿವೆ. ಒಂದೇ ವಿಷಯದವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಸ್ಕೈರಿಮ್ ಆಡಿ ಮುಗಿಸಿದ್ದೇನೆ. ಹಿಂದಿನವನ್ನು ಆಡಬೇಕೆಂದಿದೆ. ಮೊದಲಿನಿಂದ ಕ್ರಮವಾಗಿ ಆಡದಿದ್ದರೆ ಕಥೆ ತಿಳಿಯುವುದಿಲ್ಲವೇ? (ಶಿರಸಿ)

ತಿಳಿಯುತ್ತದೆ. ಬಡಗುತಿಟ್ಟಿನ ಮೇಳ ಒಂದು ರಾತ್ರಿ ‘ಕೃಷ್ಣಾರ್ಜುನ’, ಮರುರಾತ್ರಿ ‘ಗದಾಯುದ್ಧ’ ಆಡಿದಂತೆ ಇದು. ಲೋಕ ಒಂದೇ, ಪ್ರಸಂಗ ಬೇರೆ. ಅರೀನಾ 1994ರದ್ದು, ಡ್ಯಾಗರ್‌ಫಾಲ್ 1996, ಮಾರೋವಿಂಡ್ 2002, ಆಬ್ಲಿವಿಯನ್ 2006, ಸ್ಕೈರಿಮ್ 2011. ಆಬ್ಲಿವಿಯನ್‌ನ ಕಥೆಗೂ ಸ್ಕೈರಿಮ್‌ನ ಕಥೆಗೂ ನಡುವೆ ಇನ್ನೂರು ವರ್ಷ ಕಳೆದಿರುತ್ತದೆ. ಹಾಗಾಗಿ ಹಿಂದಿನ ನಾಯಕ ಮುಂದಿನ ಆಟದಲ್ಲಿ ಪುಸ್ತಕದ ಸಾಲಾಗಿಯೋ ಜನರ ಬಾಯಿಮಾತಾಗಿಯೋ ಉಳಿದಿರುತ್ತಾನೆ, ಅಷ್ಟೇ. ಮಾರೋವಿಂಡ್, ಆಬ್ಲಿವಿಯನ್, ಸ್ಕೈರಿಮ್ ಮೂರರಲ್ಲೂ ನೀವು ಕೈದಿಯಾಗಿಯೇ ಶುರುಮಾಡುತ್ತೀರಿ. ಹೆಸರು, ಕುಲ, ಕಸುಬು ಎಲ್ಲ ಹೊಸದು.

ಸ್ಕೈರಿಮ್‌ನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಿರಿ ಎನ್ನುವವರು ಹೆಚ್ಚು. ನಮ್ಮ ಅಭಿಪ್ರಾಯ ಬೇರೆ. ನಡುವಿನ ಆಬ್ಲಿವಿಯನ್ ಬಿಟ್ಟು ನೇರ ಮಾರೋವಿಂಡ್‌ಗೆ ಹೋಗಿ. ಸ್ಕೈರಿಮ್ ಮುಗಿಸಿದ ಕೂಡಲೇ ಆಬ್ಲಿವಿಯನ್ ಹಿಡಿದರೆ ಅದು ಹಳೆಯ ಸ್ಕೈರಿಮ್‌ನಂತೆ ಕಾಣುತ್ತದೆ, ಕೊರತೆಗಳೇ ಕಣ್ಣಿಗೆ ಬೀಳುತ್ತವೆ. ಮಾರೋವಿಂಡ್‌ನ ಜಾತಿಯೇ ಬೇರೆ, ಹೋಲಿಸುವ ಮನಸ್ಸೇ ಬರುವುದಿಲ್ಲ. ಆದರೆ ಕೆಳಗಿನ ಉತ್ತರ ಓದದೆ ಅದನ್ನು ಶುರುಮಾಡಬೇಡಿ.

ಮಾರೋವಿಂಡ್‌ನಲ್ಲಿ ಊರ ಹೊರಗಿನ ಏಡಿಗೆ ಚೂರಿಯಿಂದ ಹತ್ತು ಸಲ ಚುಚ್ಚಿದರೆ ಒಂಬತ್ತು ಸಲ ತಾಗುವುದಿಲ್ಲ. ಎದುರಿಗೇ ಇದೆ, ಗುರಿ ಸರಿಯಾಗಿಯೇ ಇದೆ. ಆಟ ಕೆಟ್ಟಿದೆಯೇ? (ಕುಮಟಾ, ಇದೇ ದೂರು ಹೊನ್ನಾವರದಿಂದಲೂ ಬಂದಿದೆ)

ಕೆಟ್ಟಿಲ್ಲ. ಮಾರೋವಿಂಡ್‌ನಲ್ಲಿ ಕತ್ತಿ ಎದುರಾಳಿಯ ಮೈಯ ಮೇಲೆ ಹಾದುಹೋದದ್ದು ನಿಮ್ಮ ಕಣ್ಣಿಗೆ ಕಂಡರೂ ಏಟು ಬಿತ್ತೋ ಇಲ್ಲವೋ ಎಂದು ತೀರ್ಮಾನಿಸುವುದು ಒಳಗಿನ ದಾಳ. ಆಬ್ಲಿವಿಯನ್‌ನಿಂದ ಮುಂದೆ ಈ ದಾಳ ತೆಗೆದುಹಾಕಿದರು. ಅಲ್ಲಿ ತಾಗಿದರೆ ತಾಗಿತು, ಎಷ್ಟು ಪೆಟ್ಟು ಎಂಬುದಷ್ಟೇ ಲೆಕ್ಕ.

ದಾಳದ ಲೆಕ್ಕ ಹೀಗೆ: ಆ ಆಯುಧದ ಸ್ಕಿಲ್ (ಅದನ್ನು ಬಳಸುವ ನೈಪುಣ್ಯದ ಅಂಕ), ಅದಕ್ಕೆ ಅಜಿಲಿಟಿಯ (ಚುರುಕುತನದ) ಐದನೇ ಒಂದು ಭಾಗ, ಲಕ್‌ನ ಹತ್ತನೇ ಒಂದು ಭಾಗ ಕೂಡಿಸಿ. ಬಂದದ್ದನ್ನು ದಣಿವಿನಿಂದ ಗುಣಿಸಿ. ಪರದೆಯ ಕೆಳಗಿನ ಹಸಿರು ಪಟ್ಟಿ (ಫಟೀಗ್) ತುಂಬಿದ್ದರೆ 1.25ರಿಂದ, ಪೂರ್ತಿ ಖಾಲಿಯಾಗಿದ್ದರೆ 0.75ರಿಂದ. ಇದರಲ್ಲಿ ಎದುರಾಳಿಯ ತಪ್ಪಿಸಿಕೊಳ್ಳುವ ಅಂಕ ಕಳೆಯಬೇಕು. ಅದೂ ಅವನ ಅಜಿಲಿಟಿ, ಲಕ್, ದಣಿವಿನಿಂದ ಹೀಗೆಯೇ ಬರುತ್ತದೆ. ಉಳಿದದ್ದು ನೂರಕ್ಕೆ ಎಷ್ಟು ಏಟು ತಾಗುತ್ತದೆ ಎಂಬುದು.

ಅಜಿಲಿಟಿ 40, ಲಕ್ 40 ಇರುವ ಪಾತ್ರ ತೆಗೆದುಕೊಳ್ಳೋಣ. ಚೂರಿಗೆ ಬೇಕಾದ ಶಾರ್ಟ್ ಬ್ಲೇಡ್ ಸ್ಕಿಲ್ ನಿಮ್ಮ ಆಯ್ಕೆಯಲ್ಲಿ ಇಲ್ಲದಿದ್ದರೆ ಅದರ ಅಂಕ 5. ಐದು, ಎಂಟು, ನಾಲ್ಕು ಕೂಡಿ 17. ದಣಿವಿಲ್ಲದಿದ್ದರೆ ಸುಮಾರು 21. ಎದುರಿನವನದ್ದೂ 40-40 ಆಗಿದ್ದರೆ 15 ಹೋಯಿತು. ಉಳಿದದ್ದು ನೂರಕ್ಕೆ ಆರು. ನೀವು ಓಡುತ್ತಾ ಬಂದು ಹಸಿರು ಪಟ್ಟಿ ಖಾಲಿಮಾಡಿಕೊಂಡಿದ್ದರೆ 17 ಎಂಬುದು 13ಕ್ಕೂ ಕಡಿಮೆಯಾಗುತ್ತದೆ, ಅಂದರೆ ಇಂಥ ಎದುರಾಳಿಗೆ ಒಂದೂ ತಾಗದು.

ಅದೇ ಒಬ್ಬ ರೆಡ್‌ಗಾರ್ಡ್, ಕಾಂಬ್ಯಾಟ್ ವಿಭಾಗ, ಲಾಂಗ್ ಬ್ಲೇಡ್ (ಉದ್ದ ಕತ್ತಿ) ಮೇಜರ್ ಅಂದರೆ ಮುಖ್ಯ ಸ್ಕಿಲ್ ಎಂದು ಆರಿಸಿ. ಮೇಜರ್‌ಗೆ 30, ಕುಲಕ್ಕೆ 15, ವಿಭಾಗಕ್ಕೆ 5, ಒಟ್ಟು 50. ಮೇಲಿನಂತೆ ಕೂಡಿಸಿದರೆ 62, ದಣಿವಿಲ್ಲದಾಗ 77ರ ಮೇಲೆ, 15 ಕಳೆದರೆ ನೂರಕ್ಕೆ 62. ಆಟ ಅದೇ, ಏಡಿ ಅದೇ. ತೊಂದರೆ ಎಲ್ಲಿ ಅಂದರೆ ಆಟ ಶುರುವಾಗುವ ಕಚೇರಿಯಲ್ಲಿ ಕೈಗೆ ಸಿಗುವುದು ಚೂರಿ. ಲಾಂಗ್ ಬ್ಲೇಡ್ ಆರಿಸಿದವರೂ ಅದನ್ನೇ ಹಿಡಿದು ಹೊರಡುತ್ತಾರೆ. ಆಯುಧ ಎಷ್ಟು ಒಳ್ಳೆಯದು ಎಂದು ನೋಡುವ ಮೊದಲು ಅದು ಯಾವ ಸ್ಕಿಲ್‌ಗೆ ಸೇರಿದ್ದು ಎಂದು ನೋಡಿ. ಅದರ ಮೇಲೆ ಮೌಸ್ ಇಟ್ಟರೆ ಬರೆದಿರುತ್ತದೆ.

ಮಾಡಬೇಕಾದ್ದು ಇಷ್ಟು. ಶತ್ರು ಕಂಡ ಕೂಡಲೇ ಓಡುವುದು ನಿಲ್ಲಿಸಿ, ನಡೆಯಿರಿ, ಪಟ್ಟಿ ತುಂಬಲು ಬಿಡಿ. ಮಂತ್ರ ಫಲಿಸುವುದು, ವ್ಯಾಪಾರದ ಚೌಕಾಸಿ, ಮಾತಿನಿಂದ ಒಲಿಸಿಕೊಳ್ಳುವುದು ಎಲ್ಲಕ್ಕೂ ಇದೇ ದಣಿವು ಅಡ್ಡ ಬರುತ್ತದೆ. ಹಾಗಾಗಿ ಅಂಗಡಿಗೆ ಏದುಸಿರು ಬಿಡುತ್ತಾ ಹೋಗಬೇಡಿ. ಏಟಿನ ಗುಂಡಿಯನ್ನು ತಟ್ಟಿ ಬಿಡಬೇಡಿ. ಒತ್ತಿ ಹಿಡಿದು ಕೈ ಪೂರ್ತಿ ಹಿಂದೆ ಹೋದ ಮೇಲೆ ಬಿಟ್ಟರೆ ಆಯುಧದ ಗರಿಷ್ಠ ಪೆಟ್ಟು ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ‘ಆಲ್ವೇಸ್ ಯೂಸ್ ಬೆಸ್ಟ್ ಅಟ್ಯಾಕ್’ ಹಾಕಿಕೊಳ್ಳಿ. ಇಲ್ಲದಿದ್ದರೆ ನೀವು ಅಕ್ಕಪಕ್ಕ ಸರಿಯುವುದು, ಮುಂದೆ ನುಗ್ಗುವುದನ್ನು ನೋಡಿ ಆಟ ಕಡಿತವೋ ತಿವಿತವೋ ಎಂದು ತಾನೇ ಆರಿಸುತ್ತದೆ. ತಿವಿಯಲು ಬಾರದ ಕೊಡಲಿಯಿಂದ ತಿವಿದರೆ ಪೆಟ್ಟು ಎಷ್ಟಾದೀತು? ಕೈಗೆ ಬಂದ ಮೊದಲ ಹಣವನ್ನು ಕವಚಕ್ಕೆ ಸುರಿಯದೆ ತರಬೇತಿಗೆ ಕೊಡಿ. ಮಾರೋವಿಂಡ್‌ನಲ್ಲಿ ಒಂದು ಲೆವೆಲ್‌ಗೆ ಇಷ್ಟೇ ತರಬೇತಿ ಎಂಬ ಮಿತಿ ಇಲ್ಲ. ಆಬ್ಲಿವಿಯನ್, ಸ್ಕೈರಿಮ್‌ಗಳಲ್ಲಿ ಲೆವೆಲ್ಲಿಗೆ ಐದೇ ಪಾಠ.

ನಕ್ಷೆಯಲ್ಲಿ ಬಾಣವೇ ಇಲ್ಲ. ಎಲ್ಲಿ ಹೋಗಬೇಕೆಂದೇ ಗೊತ್ತಾಗುವುದಿಲ್ಲ. (ಅಂಕೋಲಾ)

ಮಾರೋವಿಂಡ್‌ನಲ್ಲಿ ದಾರಿ ಎಂದರೆ ಜನರು ಹೇಳಿದ ಮಾತು. ನಮ್ಮ ಕಡೆ ಹಳ್ಳಿಯ ಮನೆಗೆ ದಾರಿ ಕೇಳಿದರೆ ‘ಸಂಕ ದಾಟಿ ಎಡಕ್ಕೆ, ಏರು ಮುಗಿದ ಮೇಲೆ ಕೇಳಿ’ ಎನ್ನುತ್ತಾರಲ್ಲ, ಹಾಗೆಯೇ. ಆಬ್ಲಿವಿಯನ್‌ನಿಂದ ದಿಕ್ಸೂಚಿಯಲ್ಲಿ ಗುರುತು ಬಂತು, ಹೋದ ಜಾಗಕ್ಕೆ ನಕ್ಷೆಯಿಂದಲೇ ಹಾರುವ ಸೌಲಭ್ಯ ಬಂತು. ಅದರೊಟ್ಟಿಗೆ ಪಾತ್ರಗಳು ದಾರಿ ಹೇಳುವುದನ್ನೇ ಮರೆತವು. ಸ್ಕೈರಿಮ್‌ನಲ್ಲಿ ಗುರುತು ತೆಗೆದುಹಾಕಿ ಆಡುತ್ತೇನೆ ಎಂದರೆ ಅನೇಕ ಕೆಲಸಗಳಲ್ಲಿ ಸಿಕ್ಕಿಕೊಳ್ಳುತ್ತೀರಿ, ಏಕೆಂದರೆ ಎಲ್ಲಿದೆ ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಮೊದಲು ನಿಮ್ಮ ಪ್ರತಿಯಲ್ಲಿ ‘ಟ್ರಿಬ್ಯೂನಲ್’ ವಿಸ್ತರಣೆ ಇದೆಯೇ ನೋಡಿ. ‘ಗೇಮ್ ಆಫ್ ದಿ ಇಯರ್’ ಆವೃತ್ತಿಯಲ್ಲಿ ಇರುತ್ತದೆ. ಅದಿಲ್ಲದ ಮೂಲ ಆಟದಲ್ಲಿ ಜರ್ನಲ್ ಎಂದರೆ ದಿನಚರಿ, ಎಲ್ಲ ಕೆಲಸಗಳೂ ತಾರೀಕಿನ ಪ್ರಕಾರ ಕಲಸಿಹೋಗಿರುತ್ತವೆ. ವಿಸ್ತರಣೆ ಇದ್ದರೆ ಕೆಲಸವಾರು ತೆಗೆದು ಓದಬಹುದು.

ಇನ್ನು ಪ್ರಯಾಣ. ಗೋಕರ್ಣಕ್ಕೆ ಹೋಗಲು ಅಘನಾಶಿನಿಯಿಂದ ತದಡಿಗೆ ದೋಣಿ, ಅಲ್ಲಿಂದ ಬಸ್ಸು ಎಂದು ಲೆಕ್ಕ ಹಾಕಿದಂತೆ ಇಲ್ಲಿಯೂ ಹಾಕಬೇಕು. ಆಟ ಶುರುವಾಗುವ ಸೆಯ್ಡಾ ನೀನ್ ಊರಿನಿಂದ ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯ ಹುಳುವಿನ ಬೆನ್ನೇರಿ ಬಾಲ್ಮೋರಾ. ಬಾಲ್ಮೋರಾದ ಮೇಜಸ್ ಗಿಲ್ಡ್ ಎಂಬ ಮಂತ್ರವಾದಿಗಳ ಸಂಘದಲ್ಲಿ ಗೈಡ್ ಒಬ್ಬಳು ನಿಂತಿರುತ್ತಾಳೆ, ಕೆಲವೇ ನಾಣ್ಯಕ್ಕೆ ಆಲ್ಡ್‌ರೂನ್, ವಿವೆಕ್, ಕಾಲ್ಡೆರಾ, ಸಾಡ್ರಿತ್ ಮೋರಾಗಳಿಗೆ ಕ್ಷಣದಲ್ಲಿ ಕಳುಹಿಸುತ್ತಾಳೆ. ಕರಾವಳಿಯ ಊರುಗಳಿಗೆ ದೋಣಿ. ಇದರ ಜೊತೆಗೆ ‘ಮಾರ್ಕ್’ ಮತ್ತು ‘ರಿಕಾಲ್’ ಮಂತ್ರ ಜೋಡಿಯಾಗಿ ಕಲಿತಿಡಿ. ಮೊದಲನೆಯದು ನಿಂತ ಜಾಗ ನೆನಪಿಟ್ಟುಕೊಳ್ಳುತ್ತದೆ, ಎರಡನೆಯದು ಅಲ್ಲಿಗೇ ತರುತ್ತದೆ. ಗುಹೆಯ ಆಳದಿಂದ ಹೊರಲಾರದಷ್ಟು ಸಾಮಾನು ಹೊತ್ತು ನಡೆದು ಬರುವ ಕಷ್ಟ ಇದರಿಂದ ತಪ್ಪುತ್ತದೆ.

ಎಲ್ಲರೂ ಸಿಕ್ಕಿಬೀಳುವ ಜಾಗ ಆರ್ಕ್‌ಂಗ್‌ಥಾಂಡ್ ಎಂಬ, ಡ್ವೆಮರ್ ಎಂಬ ಅಳಿದುಹೋದ ಕುಲದವರ ಹಳೆಯ ಅವಶೇಷ. ಅದರ ಬಾಗಿಲನ್ನು ಎಷ್ಟು ಒತ್ತಿದರೂ ತೆರೆಯದು. ಹತ್ತಿರದ ಕೊಳವೆಗೆ ಒಂದು ತಿರುಗಣೆ ಇದೆ, ಅದನ್ನು ತಿರುಗಿಸಬೇಕು. ಒಳಗೆ ಹುಡುಕಬೇಕಾದ ಪಜಲ್ ಬಾಕ್ಸ್ ಅಂಗೈಯಷ್ಟು ಚಿಕ್ಕದು, ಹಲಗೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಪೆಟ್ಟಿಗೆಗಳನ್ನಷ್ಟೇ ತೆರೆಯುತ್ತಾ ಹೋದರೆ ಅದರ ಮುಂದೆಯೇ ಹಾದುಹೋಗುತ್ತೀರಿ.

ಆಬ್ಲಿವಿಯನ್‌ನಲ್ಲಿ ಲೆವೆಲ್ ಏರಿದಷ್ಟೂ ನಾನು ಸೋಲುತ್ತೇನೆ. ಹೀಗೂ ಉಂಟೇ? ಹೊಸದಾಗಿ ಸಿಂಗರಿಸಿ ತಂದ ರೀಮಾಸ್ಟರ್‌ನಲ್ಲಿ ಸರಿಯಾಗಿದೆಯೇ? (ಕಾರವಾರ)

ಉಂಟು. ಆ ಆಟದ ದೊಡ್ಡ ದೋಷವೇ ಅದು. ನಿಮ್ಮ ಲೆವೆಲ್ ನೋಡಿ ಊರಿಡೀ ಲೆವೆಲ್ ಏರಿಸಿಕೊಳ್ಳುತ್ತದೆ. ಮೊದಲು ತೊಗಲಿನ ಅಂಗಿ ತೊಟ್ಟಿದ್ದ ದಾರಿಗಳ್ಳ ಕೊನೆಗೆ ಬೆಲೆಬಾಳುವ ಗ್ಲಾಸ್ ಕವಚ ತೊಟ್ಟು ಬಂದು ನೂರು ನಾಣ್ಯ ಕೊಡು ಎಂದು ಬೆದರಿಸುತ್ತಾನೆ. ಆ ಕವಚ ಮಾರಿದರೆ ಅವನು ದಾರಿಗಳ್ಳನಾಗಿರಬೇಕಾದ ಅಗತ್ಯವೇ ಇಲ್ಲ.

ನಿಮ್ಮ ಸೋಲಿಗೆ ಕಾರಣ ಇಲ್ಲಿದೆ. 21 ಸ್ಕಿಲ್‌ಗಳಲ್ಲಿ ಏಳು ಮೇಜರ್, ಉಳಿದವು ಮೈನರ್. ಮೇಜರ್‌ಗಳು ಒಟ್ಟು ಹತ್ತು ಸಲ ಏರಿದರೆ, ನಿದ್ದೆ ಮಾಡಿದಾಗ ಒಂದು ಲೆವೆಲ್. ಆಗ ಮೂರು ಗುಣಗಳನ್ನು (ಅಜಿಲಿಟಿ, ಎಂಡ್ಯೂರೆನ್ಸ್‌ನಂಥವು) ಏರಿಸಬಹುದು. ಒಂದು ಗುಣಕ್ಕೆ ಸೇರಿದ ಸ್ಕಿಲ್‌ಗಳು ಆ ಲೆವೆಲ್‌ನಲ್ಲಿ ಹತ್ತು ಸಲ ಏರಿದ್ದರೆ 5 ಅಂಕ, 8-9 ಸಲಕ್ಕೆ 4, 5ರಿಂದ 7ಕ್ಕೆ 3, 1ರಿಂದ 4ಕ್ಕೆ 2. ಮೂರೂ ಗುಣಕ್ಕೆ ಐದೈದು ಬೇಕೆಂದರೆ 30 ಏರಿಕೆ ಬೇಕು. ಮೇಜರ್‌ನಿಂದ ಬರುವುದು ಹತ್ತೇ, ಉಳಿದ 20 ಮೈನರ್‌ನಿಂದ ಬರಬೇಕು. ದಿನವಿಡೀ ಬಳಸುವ ಏಳನ್ನೂ ಮೇಜರ್ ಮಾಡಿಕೊಂಡವರಿಗೆ ಲೆವೆಲ್ ಬೇಗ ಬರುತ್ತದೆ, ಅಂಕ ಎರಡು-ಮೂರರಲ್ಲೇ ನಿಲ್ಲುತ್ತದೆ. ಶತ್ರು ಮಾತ್ರ ಪೂರ್ತಿ ಬೆಳೆಯುತ್ತಾನೆ. ಇಷ್ಟಪಟ್ಟ ಸ್ಕಿಲ್ ಮೇಜರ್ ಮಾಡಿಕೊಂಡರೆ ಶಿಕ್ಷೆ ಎಂಬ ಈ ತಲೆಕೆಳಗಿನ ನ್ಯಾಯವನ್ನು ಸಮರ್ಥಿಸುವುದು ಕಷ್ಟ.

ಎಂಡ್ಯೂರೆನ್ಸ್ (ತಾಳಿಕೆ) ಮೊದಲು ಏರಿಸಿ. ಪ್ರತಿ ಲೆವೆಲ್‌ಗೆ ಅದರ ಹತ್ತನೇ ಒಂದು ಭಾಗ ಹೆಲ್ತ್‌ಗೆ ಸೇರುತ್ತದೆ. 40 ಇದ್ದಾಗ 4, 100 ಇದ್ದಾಗ 10. ತಡವಾಗಿ ಏರಿಸಿದರೆ ಹಿಂದಿನ ಲೆವೆಲ್‌ಗಳ ಬಾಕಿ ಸಿಗುವುದಿಲ್ಲ. ಅದಕ್ಕೆ ಸೇರಿದ ಸ್ಕಿಲ್‌ಗಳು ಬ್ಲಾಕ್, ಹೆವಿ ಆರ್ಮರ್, ಆರ್ಮರರ್. ಸುತ್ತಿಗೆಗಳನ್ನು ಕೊಂಡು ಕೆಟ್ಟ ಕವಚ ರಿಪೇರಿ ಮಾಡುತ್ತಾ ಹೋದರೂ ಅಂಕ ಬರುತ್ತದೆ. ಬೇಕಾದಷ್ಟು ಏರಿಕೆ ಆಗುವವರೆಗೆ ಹಾಸಿಗೆಯ ಹತ್ತಿರ ಹೋಗಬೇಡಿ, ಮಲಗದಿದ್ದರೆ ಲೆವೆಲ್ ಏರದು. ಕ್ವಾಚ್ ಊರಿನ ಮುತ್ತಿಗೆಯನ್ನು ಲೆವೆಲ್ 5 ದಾಟುವ ಮೊದಲೇ ಮುಗಿಸಿ. ತಡಮಾಡಿದರೆ ಬಾಗಿಲಲ್ಲಿ ನಿಂತ ರಾಕ್ಷಸರೂ ದೊಡ್ಡವರಾಗಿರುತ್ತಾರೆ. ಈ ಲೆಕ್ಕ ಯಾವುದೂ ಬೇಡವೆಂದರೆ ಡಿಫಿಕಲ್ಟಿ ಪಟ್ಟಿಯನ್ನು ಸ್ವಲ್ಪ ಎಡಕ್ಕೆ ಎಳೆಯಿರಿ. ಅದರಲ್ಲಿ ನಾಚಿಕೆ ಏನಿಲ್ಲ.

2025ರ ಏಪ್ರಿಲ್‌ನಲ್ಲಿ ಬಂದ ರೀಮಾಸ್ಟರ್‌ನಲ್ಲಿ ಈ ಗಂಟು ಬಿಚ್ಚಿದ್ದಾರೆ. ಮೈನರ್ ಸ್ಕಿಲ್‌ಗಳೂ ಲೆವೆಲ್‌ಗೆ ಲೆಕ್ಕಕ್ಕೆ ಬರುತ್ತವೆ. ಪ್ರತಿ ಲೆವೆಲ್‌ಗೆ 12 ಅಂಕ ಕೊಡುತ್ತಾರೆ. ಮೂರು ಗುಣಗಳಿಗೆ ಹಂಚಬಹುದು, ಒಂದಕ್ಕೆ ಹೆಚ್ಚೆಂದರೆ 5. ಲಕ್ ಒಂದು ಏರಿಸಲು ನಾಲ್ಕು ಅಂಕ ತೆರಬೇಕು. ಶತ್ರುಗಳು ನಿಮ್ಮೊಡನೆ ಬೆಳೆಯುವುದು ಮಾತ್ರ ಉಳಿದಿದೆ.

ಡೌನ್‌ಲೋಡ್ ಅರ್ಧಕ್ಕೆ ಕರೆಂಟ್ ಹೋಗುತ್ತದೆ. ಮಳೆಗಾಲದಲ್ಲಿ ಆಟ ಸೇವ್ ಆಗುವಾಗಲೇ ಹೋಗಿ ಫೈಲ್ ಕೆಟ್ಟಿತು. (ಸಿದ್ದಾಪುರದ ಹತ್ತಿರದ ಹಳ್ಳಿ)

ಆಟ ಮಾರುವ ಸ್ಟೀಮ್ ತಾಣದಲ್ಲಿ ಡೌನ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಹೆದರಬೇಡಿ. ಸೆಕೆಂಡಿಗೆ 10 ಮೆಗಾಬಿಟ್ ಸಿಗುತ್ತದೆ ಎಂದಿಟ್ಟುಕೊಂಡರೆ 1 ಜಿಬಿಯ ಮಾರೋವಿಂಡ್ ಕಾಲು ಗಂಟೆಯೊಳಗೆ, 12 ಜಿಬಿಯ ಸ್ಕೈರಿಮ್ ಸ್ಪೆಷಲ್ ಎಡಿಷನ್ ಎರಡು ಗಂಟೆ ನಲವತ್ತು ನಿಮಿಷದಲ್ಲಿ ಇಳಿಯುತ್ತದೆ. ಆಬ್ಲಿವಿಯನ್ ರೀಮಾಸ್ಟರ್‌ಗೆ 125 ಜಿಬಿ, ಅಂದರೆ ಸುಮಾರು 28 ಗಂಟೆ. ಅದಕ್ಕೆ ಪೇಟೆಯ ಸಂಬಂಧಿಕರ ಮನೆಯಲ್ಲಿ ನಿಮ್ಮದೇ ಖಾತೆಯಿಂದ ಇಳಿಸಿ, ಫೋಲ್ಡರನ್ನು ಹಾರ್ಡ್ ಡಿಸ್ಕ್‌ನಲ್ಲಿ ತಂದು ಸ್ಟೀಮ್‌ನ ‘ಕಾಮನ್’ ಫೋಲ್ಡರ್‌ಗೆ ಹಾಕಿ, ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಗುರುತಿಸಿ, ಕೊರತೆ ಇದ್ದಷ್ಟನ್ನೇ ಇಳಿಸಿಕೊಳ್ಳುತ್ತದೆ. ಹಳೆಯ ಆಟಗಳನ್ನು ಜಿಒಜಿ ಎಂಬ ಇನ್ನೊಂದು ತಾಣದಲ್ಲಿ ಕೊಂಡರೆ ನೆಟ್ ಇಲ್ಲದೆಯೇ ಹಾಕಬಹುದಾದ ಇನ್‌ಸ್ಟಾಲರ್ ಸಿಗುತ್ತದೆ.

ಸೇವ್ ಕೆಡುವುದು ಫೈಲ್ ಬರೆಯುವ ಆ ಒಂದೆರಡು ಸೆಕೆಂಡಿನಲ್ಲಿ ಕರೆಂಟ್ ಹೋದರೆ. ಕ್ವಿಕ್‌ಸೇವ್ ಪ್ರತಿ ಸಲ ಅದೇ ಫೈಲಿನ ಮೇಲೆ ಬರೆಯುವುದರಿಂದ ಅದು ಕೆಟ್ಟರೆ ಹಿಂದಿನದ್ದೂ ಹೋಯಿತು. ಮೆನುವಿನಿಂದ ಪ್ರತಿ ಸಲ ಹೊಸ ಸೇವ್ ಮಾಡಿ, ಕೊನೆಯ ಐದಾರು ಉಳಿಸಿಕೊಂಡು ಹಳೆಯದನ್ನು ಅಳಿಸಿ. ಸ್ಕೈರಿಮ್, ಆಬ್ಲಿವಿಯನ್ ಸೇವ್‌ಗಳು ಡಾಕ್ಯುಮೆಂಟ್ಸ್‌ನ ‘ಮೈ ಗೇಮ್ಸ್’ ಒಳಗಿವೆ, ಮಾರೋವಿಂಡ್‌ನದ್ದು ಆಟದ ಫೋಲ್ಡರ್‌ನಲ್ಲೇ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿ. ಮನೆಯಲ್ಲಿ ಇನ್ವರ್ಟರ್ ಇದ್ದೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆ ನಿಧಾನ. ಗುಡುಗು-ಸಿಡಿಲು ಶುರುವಾದರೆ ಪ್ಲಗ್ಗನ್ನೂ ಮೋಡೆಮ್ ವೈರನ್ನೂ ಕಿತ್ತಿಡಿ.

ಎಂಟು ಜಿಬಿ ರ್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್. ಯಾವುದು ನಡೆಯುತ್ತದೆ? (ಸದಾಶಿವಗಡ)

ಮಾರೋವಿಂಡ್, ಹಳೆಯ ಆಬ್ಲಿವಿಯನ್ ಸಲೀಸು. ಸ್ಕೈರಿಮ್ 1280×720ಕ್ಕೆ ಇಳಿಸಿ, ನೆರಳು ಕನಿಷ್ಠಕ್ಕಿಟ್ಟರೆ ಆಡಬಹುದು. ರೀಮಾಸ್ಟರ್ ಬಿಟ್ಟುಬಿಡಿ. ಮಾರೋವಿಂಡ್ ಕೊಂಡ ಮೇಲೆ ಓಪನ್‌ಎಂಡಬ್ಲ್ಯೂ ಎಂಬ ಉಚಿತ ಎಂಜಿನ್ ಹಾಕಿ, ಮೂಲ ಆಟದ ಫೈಲ್‌ಗಳನ್ನು ತೋರಿಸಿ. ದೂರದ ಗುಡ್ಡವೂ ಕಾಣುತ್ತದೆ, ಗೇಮ್‌ಪ್ಯಾಡ್ ಕೂಡ ಕೆಲಸ ಮಾಡುತ್ತದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಮಾಡ್ (ಅಭಿಮಾನಿಗಳು ಮಾಡಿದ ಮಾರ್ಪಾಡು) ಹಾಕುವ ಯೋಚನೆ ಇದ್ದರೆ ಆಟವನ್ನು ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡಬೇಡಿ, ವಿಂಡೋಸ್ ಬರೆಯಲು ಬಿಡುವುದಿಲ್ಲ.

ಮುಂದೆ 144 ಹರ್ಟ್ಸ್ ಪರದೆ ಕೊಂಡರೆ ಒಂದು ಎಚ್ಚರ. ಸ್ಕೈರಿಮ್‌ನಲ್ಲಿ ವಸ್ತುಗಳ ಚಲನೆ ಫ್ರೇಮ್ ವೇಗಕ್ಕೆ ಕಟ್ಟುಬಿದ್ದಿದೆ. ಸೆಕೆಂಡಿಗೆ 60 ಫ್ರೇಮ್ ದಾಟಿದರೆ ಮೊದಲ ದೃಶ್ಯದ ಗಾಡಿಯೇ ಕುಣಿದು ಪಲ್ಟಿಹೊಡೆಯಬಹುದು. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ 60ಕ್ಕೆ ಕಟ್ಟಿಹಾಕಿ.

ಮನೆಯ ಮಾಣಿಗೆ ಹನ್ನೆರಡು ವರ್ಷ. ಸ್ಕೈರಿಮ್ ಬೇಕು ಎಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೇ? (ಶಿರಸಿಯ ಒಬ್ಬ ತಾಯಿ)

ಈಗ ಬೇಡಮ್ಮ. ಅಮೆರಿಕದ ರೇಟಿಂಗ್‌ನಲ್ಲಿ ಅದು 17 ದಾಟಿದವರಿಗೆ, ಯುರೋಪಿನಲ್ಲಿ 18. ತಲೆ ಕಡಿಯುವ ದೃಶ್ಯ ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ. ಮಾರೋವಿಂಡ್‌ಗೆ ಅಮೆರಿಕದಲ್ಲಿ 13ರ ಮೇಲಿನವರ ರೇಟಿಂಗ್. ರಕ್ತಪಾತ ಕಡಿಮೆ, ಇಂಗ್ಲಿಷ್ ಓದು ಬಹಳ. ಒಂದು ವರ್ಷ ಕಳೆದ ಮೇಲೆ ನೋಡಿ.

ಸ್ಕೈರಿಮ್ ಮಕ್ಕಳಾಟ, ಸರಣಿಯನ್ನು ಹಾಳುಮಾಡಿದ್ದೇ ಅದು. ಒಪ್ಪುತ್ತೀರಾ? (ಭಟ್ಕಳ)

ಅರ್ಧ ಒಪ್ಪುತ್ತೇವೆ. ಕಳೆದುಹೋದದ್ದು ಇದೆ. ಸ್ಕಿಲ್ ಮಾರೋವಿಂಡ್‌ನಲ್ಲಿ 27 ಇದ್ದದ್ದು ಆಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18. ಮಾರೋವಿಂಡ್‌ನಲ್ಲಿ ಎಡ ಹೆಗಲಿಗೊಂದು, ಬಲ ಹೆಗಲಿಗೊಂದು, ಎರಡೂ ಕೈಗೆ ಬೇರೆ ಬೇರೆ ಕವಚ; ಮೇಲೆ ನಿಲುವಂಗಿಯನ್ನೂ ಹಾಕಬಹುದಿತ್ತು. ಗುರಾಣಿ ಬಿಟ್ಟರೆ ಸ್ಕೈರಿಮ್‌ನಲ್ಲಿ ತಲೆ, ಮೈ, ಕೈ, ಕಾಲು, ನಾಲ್ಕೇ ತುಂಡು. ಸ್ವಂತ ಮಂತ್ರ ಕಟ್ಟುವ ಅವಕಾಶ ಹೋಯಿತು. ಗಾಳಿಯಲ್ಲಿ ತೇಲುವ ಮಂತ್ರ ಆಬ್ಲಿವಿಯನ್‌ನಲ್ಲೇ ಹೋಗಿತ್ತು. ಅಲ್ಲಿ ಊರಿನ ಗೋಡೆಯೊಳಗಿನ ಭಾಗ ಬೇರೆಯಾಗಿ ಲೋಡ್ ಆಗುತ್ತದೆ, ಗೋಡೆಯ ಮೇಲಿಂದ ತೇಲಿ ಬಂದರೆ ಒಳಗೆ ಊರೇ ಇರುವುದಿಲ್ಲ. ಮಾರೋವಿಂಡ್‌ನಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದು, ಕಥೆಗೆ ಬೇಕಾದವನು ಸತ್ತರೆ ‘ವಿಧಿಯ ಎಳೆ ಕಡಿಯಿತು’ ಎಂಬರ್ಥದ ಸಂದೇಶ ಬರುತ್ತದೆ, ಮುಂದಿನದು ನಿಮ್ಮ ಹಣೆಬರಹ. ಮುಂದಿನ ಎರಡರಲ್ಲಿ ಅಂಥವರು ಸಾಯುವುದೇ ಇಲ್ಲ, ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತಾರೆ.

ಗಳಿಸಿದ್ದೂ ಇದೆ. ಆಬ್ಲಿವಿಯನ್‌ನ ಲೆವೆಲ್ ಲೆಕ್ಕದ ರಗಳೆ ಸ್ಕೈರಿಮ್‌ನಲ್ಲಿ ಇಲ್ಲ. ಲೆವೆಲ್ಲಿಗೆ ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾಗಳಲ್ಲಿ ಒಂದಕ್ಕೆ 10, ಜೊತೆಗೆ ಒಂದು ಪರ್ಕ್, ಅಂದರೆ ಸ್ಕಿಲ್‌ಗೆ ಸೇರಿದ ವಿಶೇಷ ಸಾಮರ್ಥ್ಯ. ಶತ್ರುಗಳೂ ಊರಿಗೆ ಊರು ಸಮಾನವಾಗಿ ಬೆಳೆಯುವುದಿಲ್ಲ. ಗುಹೆಯ ಮಟ್ಟ ನೀವು ಮೊದಲ ಸಲ ಕಾಲಿಟ್ಟ ದಿನವೇ ನಿಗದಿಯಾಗುತ್ತದೆ. ಸೋತರೆ ಬಿಟ್ಟುಬಂದು ಬಲ ಬಂದ ಮೇಲೆ ಮತ್ತೆ ಹೋಗಬಹುದು. ತಪ್ಪುವುದು ಒಂದೇ ಕಡೆ: ಸ್ಮಿಥಿಂಗ್, ಸ್ಪೀಚ್, ಪಿಕ್‌ಪಾಕೆಟ್‌ನಿಂದಲೇ ಲೆವೆಲ್ ಏರಿಸಿಕೊಂಡು ಕತ್ತಿಯ ಪರ್ಕ್ ಹಾಕದವರು ಹೊಸ ಗುಹೆಯಲ್ಲಿ ಒದೆ ತಿನ್ನುತ್ತಾರೆ. ಎರಡು ಅಥವಾ ಮೂರು ಸ್ಕಿಲ್‌ಗಳಿಗೇ ಪರ್ಕ್ ಹಾಕಿ. ರಿವರ್‌ವುಡ್ ದಾರಿಯ ಮೂರು ಕಲ್ಲುಗಳಲ್ಲಿ ನಿಮ್ಮ ಕಸುಬಿನದನ್ನು ಮುಟ್ಟಿ ಹೋಗಿ, ಆ ಸ್ಕಿಲ್‌ಗಳು ಶೇ. 20 ಬೇಗ ಏರುತ್ತವೆ.

ಡ್ಯಾಗರ್‌ಫಾಲ್ ಪುಕ್ಕಟೆ ಸಿಗುತ್ತದಂತೆ. ಆಡಬಹುದೇ? (ಯಲ್ಲಾಪುರ)

ಹೌದು, ಅರೀನಾ ಕೂಡ ಪುಕ್ಕಟೆ. ಅರೀನಾವನ್ನು ಕುತೂಹಲಕ್ಕೆ ಒಂದು ಗಂಟೆ ಆಡಿ ಬಿಡಿ. ಡ್ಯಾಗರ್‌ಫಾಲ್‌ಗೆ ‘ಡ್ಯಾಗರ್‌ಫಾಲ್ ಯೂನಿಟಿ’ ಎಂಬ ಅಭಿಮಾನಿಗಳ ಹೊಸ ಎಂಜಿನ್ ಹಾಕಿ. ಅದರ ಸೆಟ್ಟಿಂಗ್‌ನಲ್ಲಿ ‘ಸ್ಮಾಲರ್ ಡಂಜನ್ಸ್’ ಗುರುತು ಹಾಕುವುದನ್ನು ಮರೆಯಬೇಡಿ. ಮೂಲದ ನೆಲಮಾಳಿಗೆಗಳು ಯಂತ್ರ ಹೆಣೆದ ಚಕ್ರವ್ಯೂಹಗಳು, ಹುಡುಕುವ ವಸ್ತು ಯಾವ ಮೂಲೆಯಲ್ಲೂ ಇರಬಹುದು. ಒಳಗೆ ಹೋದ ಕೂಡಲೇ ಬಾಗಿಲ ಬಳಿ ‘ರಿಕಾಲ್’ ಗುರುತು ಇಟ್ಟುಕೊಳ್ಳಿ. ಕೆಲಸಗಳಿಗೆ ಗಡುವು ಇರುತ್ತದೆ. ಮುಖ್ಯ ಕಥೆಯ ಮೊದಲ ಪತ್ರಕ್ಕೂ ಇದೆ. ಪತ್ರ ಬಂದ ಮೇಲೆ ಊರೂರು ಅಲೆಯುತ್ತಾ ಕೂತರೆ ಭೇಟಿಗೆ ಕರೆದಾಕೆ ಕಾಯುವುದಿಲ್ಲ.